ತಣ್ಣನೆಯ ಎಂಜಿನ್ನಿಗೊಂದು ಕೈಪಿಡಿ: ಸ್ಕಂದಗಿರಿ ಆವೃತ್ತಿ

ಈ ಕೈಪಿಡಿ ಯಾರಿಗೆ

ಕಾರು ಕೊಂಡ ದಿನ ಕಂಪನಿಯವರು ಕೊಟ್ಟ ದಪ್ಪ ಪುಸ್ತಕ ನಿಮ್ಮ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇನ್ನೂ ಪ್ಲಾಸ್ಟಿಕ್ ಕವರ್ ಬಿಚ್ಚದೆ ಕೂತಿದ್ದರೆ ಇದು ನಿಮಗಾಗಿಯೇ ಬರೆದದ್ದು. ಆ ಪುಸ್ತಕ ಓದದೆ ನೀವೇನೂ ದೊಡ್ಡದನ್ನು ಕಳೆದುಕೊಂಡಿಲ್ಲ. ಸೀಟ್ ಬೆಲ್ಟ್ ಸಿಗಿಸುವ ಬಗೆಯನ್ನು ಚಿತ್ರಸಮೇತ ಪುಟಗಟ್ಟಲೆ ವಿವರಿಸಿರುತ್ತಾರೆ. ಎಂಜಿನ್ನಿನಿಂದ ವಿಚಿತ್ರ ಸದ್ದು ಬಂದರೆ ಏನು ಮಾಡಬೇಕು ಅನ್ನುವಲ್ಲಿಗೆ ಬಂದಾಗ ಮಾತ್ರ ಅಧಿಕೃತ ಸರ್ವಿಸ್ ಸೆಂಟರಿಗೆ ಹೋಗಿ ಎಂದು ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿರುತ್ತಾರೆ.

ಇನ್ನೂ ಬಿಡಿಸಿ ಹೇಳಬೇಕೆಂದರೆ, ಶನಿವಾರ ನಡುರಾತ್ರಿ ಬೆಂಗಳೂರು ಬಿಟ್ಟು, ಹೆಬ್ಬಾಳ, ದೇವನಹಳ್ಳಿ ದಾಟಿ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಚಿಕ್ಕಬಳ್ಳಾಪುರ ಸೇರಿ, ಅಲ್ಲಿಂದ ಕಳವಾರದ ಕಡೆ ತಿರುಗಿ, ಬೆಟ್ಟದ ಬುಡದಲ್ಲಿ ಪಾಪಾಗ್ನಿ ಮಠದ ಹತ್ತಿರ ಕಾರು ನಿಲ್ಲಿಸಿ ಸ್ಕಂದಗಿರಿ ಹತ್ತುವವರ ಕೈಪಿಡಿ ಇದು. ಒಂದು ಕಾಲದಲ್ಲಿ ಟಾರ್ಚು ಹಿಡಿದು ಹೊರಟರೆ ಮುಗಿಯಿತು. ಈಗ ಆನ್‌ಲೈನಿನಲ್ಲಿ ಟಿಕೆಟ್ ಮಾಡಿಸಬೇಕು, ಗುರುತಿನ ಚೀಟಿ ತೋರಿಸಬೇಕು, ಟಿಕೆಟ್ ಕೊಟ್ಟವರು ಬಿಟ್ಟ ಹೊತ್ತಿಗೆ ಹತ್ತಬೇಕು. ಇಷ್ಟೆಲ್ಲ ಕೇಳುವವರು ಎಂಜಿನ್ ಆಯಿಲ್ ಕೊನೆಯ ಸಲ ಯಾವಾಗ ಹಾಕಿಸಿದಿರಿ ಎಂಬ ಒಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಬಹುದಿತ್ತು.

ನೀವು ಹತ್ತುತ್ತೀರಿ. ಪಾಳುಬಿದ್ದ ಕೋಟೆಗೋಡೆಯ ಮೇಲೆ ಕೂತು ಮೋಡದ ಮೇಲಿಂದ ಸೂರ್ಯ ಏಳುವುದನ್ನು ನೋಡುತ್ತೀರಿ, ನೋಡಿದ್ದಕ್ಕಿಂತ ಹೆಚ್ಚು ಫೋಟೋ ತೆಗೆಯುತ್ತೀರಿ. ಒಂಬತ್ತೂವರೆಗೆ ಕಾಲು ನಡುಗಿಸಿಕೊಂಡು ಇಳಿದು ಬಂದು, ಹೊಟ್ಟೆಯ ತುಂಬ ಇಡ್ಲಿಯ ಯೋಚನೆ ಇಟ್ಟುಕೊಂಡು ಕೀ ತಿರುಗಿಸುತ್ತೀರಿ. ಬಾನೆಟ್ಟಿನ ಒಳಗಿಂದ ಗಲಗಲಗಲ. ಎರಡು ಸೆಕೆಂಡು, ಹೆಚ್ಚೆಂದರೆ ಮೂರು. ಆಮೇಲೆ ಏನೂ ನಡೆದೇ ಇಲ್ಲವೇನೋ ಎಂಬಂತೆ ಎಂಜಿನ್ ಸಭ್ಯವಾಗಿ ಓಡತೊಡಗುತ್ತದೆ. ಕಾರಿನೊಳಗಿದ್ದ ಐದು ಜನರಿಗೂ ಅದು ಕೇಳಿಸಿರುತ್ತದೆ. ಐದು ಜನರೂ ಇಡ್ಲಿಯ ಮಾತೇ ಎತ್ತುತ್ತಾರೆ.

ಮೊದಲ ಎಚ್ಚರಿಕೆ

ಹಾಡಿನ ವಾಲ್ಯೂಮ್ ಜಾಸ್ತಿ ಮಾಡಬೇಡಿ. ನಮ್ಮ ದೇಶದಲ್ಲಿ ಎಂಜಿನ್ ಸದ್ದಿಗೆ ಮಾಡುವ ಮೊದಲ ಚಿಕಿತ್ಸೆ ಇದೇ. ಎರಡನೆಯ ಚಿಕಿತ್ಸೆ ಕಾರನ್ನು ಮಾರುವುದು.

ಒಳಗೆ ಏನಿದೆ

ಎಂಜಿನ್ನಿನ ಕೆಳಭಾಗದಲ್ಲಿ ಕ್ರ್ಯಾಂಕ್ ಶಾಫ್ಟ್, ಮೇಲ್ಭಾಗದಲ್ಲಿ ಕ್ಯಾಮ್ ಶಾಫ್ಟ್. ಪಿಸ್ಟನ್ನುಗಳು ಕೆಳಗಿನದನ್ನು ತಿರುಗಿಸುತ್ತವೆ, ಮೇಲಿನದು ವಾಲ್ವುಗಳನ್ನು ತೆರೆದು ಮುಚ್ಚುತ್ತದೆ. ಇವೆರಡರ ತಾಳ ತಪ್ಪದ ಹಾಗೆ ನೋಡಿಕೊಳ್ಳುವುದು ಟೈಮಿಂಗ್ ಚೈನಿನ ಕೆಲಸ. ಕ್ರ್ಯಾಂಕ್ ಎರಡು ಸುತ್ತು ಬರುವಷ್ಟರಲ್ಲಿ ಕ್ಯಾಮ್ ಸರಿಯಾಗಿ ಒಂದು ಸುತ್ತು ಬರಬೇಕು, ಒಂದು ಕೂದಲು ಹಿಂದೆಮುಂದೆ ಆಗಬಾರದು. ದೇವನಹಳ್ಳಿಯ ಹೆದ್ದಾರಿಯಲ್ಲಿ ಆರ್‌ಪಿಎಮ್ ಮೀಟರಿನ ಮುಳ್ಳು 3000 ತೋರಿಸುತ್ತಿದ್ದರೆ, ಒಳಗೆ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತಿದೆ ಎಂದು ಅರ್ಥ. ಇಷ್ಟು ಓಡಾಟದ ನಡುವೆ ಚೈನು ಅತ್ತಿತ್ತ ಬಡಿಯದಿರಲಿ ಎಂದು ಪಕ್ಕದಲ್ಲಿ ಪ್ಲಾಸ್ಟಿಕ್ ಮೈಯ ಗೈಡುಗಳಿವೆ. ಸಡಿಲವಾದ ಕಡೆಯಿಂದ ಅದನ್ನು ಒತ್ತಿ ಹಿಡಿಯಲು ಟೆನ್ಶನರ್ ಇದೆ.

ಕಥೆಯ ಖಳನಾಯಕನೂ ನಾಯಕನೂ ಈ ಟೆನ್ಶನರೇ. ಹೆಬ್ಬೆರಳಿನಷ್ಟು ದಪ್ಪದ ಒಂದು ಕಡ್ಡಿ, ಅದರ ಹಿಂದೆ ಒಂದು ಸ್ಪ್ರಿಂಗು, ಜೊತೆಗೆ ಎಂಜಿನ್ ಆಯಿಲಿನ ಒತ್ತಡ. ಎಂಜಿನ್ ಓಡುವಾಗ ಆಯಿಲ್ ಪಂಪು ಆಯಿಲನ್ನು ಒಳಗೆ ನೂಕುತ್ತದೆ, ಕಡ್ಡಿ ಹೊರಚಾಚಿ ಚೈನನ್ನು ಬಿಗಿ ಹಿಡಿಯುತ್ತದೆ. ಎಂಜಿನ್ ಆರಿಸಿ ಆರೇಳು ಗಂಟೆ ಬಿಟ್ಟರೆ ಆ ಆಯಿಲ್ ನಿಧಾನವಾಗಿ ಸೋರಿ ಕೆಳಗಿನ ಸಂಪಿಗೆ ಇಳಿಯುತ್ತದೆ. ಮತ್ತೆ ಸೆಲ್ಫ್ ಹೊಡೆದಾಗ ಪಂಪು ಆಯಿಲನ್ನು ಮೇಲೆ ತಲುಪಿಸುವವರೆಗೆ ಚೈನಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ನಿಮಗೆ ಕೇಳಿಸಿದ ಆ ಎರಡು ಸೆಕೆಂಡು ಇದೇ. ಹೊಸ ಚೈನಾದರೆ ಅಷ್ಟು ಹೊತ್ತು ಸುಮ್ಮನಿರುತ್ತದೆ, ಸವೆದದ್ದು ಕುಣಿಯುತ್ತದೆ.

ಚೈನು "ಎಳೆದಿದೆ" ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಉಕ್ಕು ಹಿಗ್ಗುವುದಿಲ್ಲ. ಒಂದೊಂದು ಕೊಂಡಿಯ ಪಿನ್ನೂ ಅದು ಕೂರುವ ತೂತೂ ಎಳ್ಳಷ್ಟು ಸವೆಯುತ್ತವೆ. ನೂರಕ್ಕೂ ಹೆಚ್ಚು ಕೊಂಡಿಗಳ ಸವೆತ ಕೂಡಿಕೊಂಡರೆ ಇಡೀ ಚೈನು ಉದ್ದವಾಗುತ್ತದೆ. ಅಜ್ಜನ ಕಾಲದ ಸೈಕಲ್ ಚೈನು ಹಲ್ಲು ತಪ್ಪಿ ಬಿದ್ದು ನಿಮ್ಮನ್ನು ನಡುರಸ್ತೆಯಲ್ಲಿ ನಿಲ್ಲಿಸುತ್ತಿತ್ತಲ್ಲ, ಆ ಕಾಯಿಲೆಯೇ ಇದು. ಸೈಕಲ್ಲಿನಲ್ಲಾದರೆ ಕೈಗೆ ಗ್ರೀಸ್ ಅಂಟುತ್ತದೆ, ಅಷ್ಟೇ. ಇಲ್ಲಿ ಚೈನು ಹಲ್ಲು ಹಾರಿದರೆ ಮೇಲೆ ಬರುತ್ತಿರುವ ಪಿಸ್ಟನ್ನೂ ಕೆಳಗಿಳಿದ ವಾಲ್ವೂ ಒಂದೇ ಜಾಗದಲ್ಲಿ ಭೇಟಿಯಾಗುತ್ತವೆ. ವಾಲ್ವು ಬಾಗುತ್ತದೆ, ರಾಕರ್ ಮುರಿಯುತ್ತದೆ, ಕೆಲವು ಸಲ ಪಿಸ್ಟನ್ನಿನ ತಲೆಯೇ ತೂತಾಗುತ್ತದೆ.

ನಿಮ್ಮ ಕಾರಿನಲ್ಲಿ ಚೈನಿದೆಯೋ ಬೆಲ್ಟಿದೆಯೋ ಮೊದಲು ತಿಳಿದುಕೊಳ್ಳಿ. ಅಂಬಾಸಿಡರಿನಲ್ಲೂ ಪ್ರೀಮಿಯರ್ ಪದ್ಮಿನಿಯಲ್ಲೂ ಚೈನೇ ಇತ್ತು. 1983ರಲ್ಲಿ ಬಂದ ಮಾರುತಿ 800 ರಬ್ಬರ್ ಬೆಲ್ಟಿನ ಕಾಲ ತಂದಿತು. 2008ರಲ್ಲಿ ಎ-ಸ್ಟಾರ್ ಜೊತೆ ಶುರುವಾದ ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಮತ್ತೆ ಚೈನು ಬಂತು. ಆದರೆ ಚೈನ್ ಗಲಗಲದ ಸಾಮ್ರಾಟ ಯಾರೆಂದು ಚಿಂತಾಮಣಿಯಿಂದ ಏರ್‌ಪೋರ್ಟಿಗೆ ಬಾಡಿಗೆ ಓಡಿಸುವ ಯಾವ ಡ್ರೈವರನ್ನು ಕೇಳಿದರೂ ಹೇಳುತ್ತಾನೆ: ಫಿಯೆಟ್ ಮೂಲದ 1248 ಸಿಸಿ ಡೀಸೆಲ್. 2007ರ ಸ್ವಿಫ್ಟಿನಲ್ಲಿ, ಆಮೇಲೆ ಡಿಸೈರಿನಲ್ಲಿ, ಟಾಟಾದ ವಿಸ್ತಾದಲ್ಲಿ, ಫಿಯೆಟ್ಟಿನ ಪುಂಟೋ, ಲಿನಿಯಾಗಳಲ್ಲಿ, ಎಲ್ಲಿ ನೋಡಿದರೂ ಅದೇ. ರಾಷ್ಟ್ರೀಯ ಎಂಜಿನ್ ಎಂದೇ ಅಡ್ಡಹೆಸರು. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಬಂದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಆದರೂ ಈ ಎಂಜಿನ್ನು ನಮ್ಮ ರಸ್ತೆಗಳಲ್ಲಿ ಇನ್ನೂ ಲಕ್ಷಾಂತರ ಕಿಲೋಮೀಟರ್ ದಾಟಿ ಓಡುತ್ತಿದೆ. ಗಟ್ಟಿ ಎಂಜಿನ್ನು, ಒಳ್ಳೆಯ ಮೈಲೇಜು. ಅದಕ್ಕೆ ಬೇಕಾದದ್ದು ಸಮಯಕ್ಕೆ ಸರಿಯಾಗಿ ಶುದ್ಧ ಆಯಿಲ್. ಡೀಸೆಲ್ ಎಂಜಿನ್ನಿನ ಆಯಿಲಿಗೆ ಮಸಿ ಸೇರುತ್ತದೆ, ಆ ಮಸಿ ಚೈನಿನ ಪಿನ್ನುಗಳನ್ನು ಉಜ್ಜುತ್ತದೆ.

(ಪದ್ಮಿನಿ ಅಂದಾಗ ನೆನಪಾಯಿತು. ಕಳವಾರದಿಂದ ಕೆಲವೇ ಕಿಲೋಮೀಟರ್ ದೂರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಭಾರತದಲ್ಲಿ ಕಾರು ಕಾರ್ಖಾನೆ ಆಗಬೇಕೆಂದು ಯೋಜನೆ ಸಿದ್ಧಪಡಿಸಿದ್ದರು. ಆಗಿನ ಸರ್ಕಾರ ಸೊಪ್ಪು ಹಾಕಲಿಲ್ಲ. ಅವರ ಜೊತೆ ಅದಕ್ಕಾಗಿ ಓಡಾಡಿದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಶುರುಮಾಡಿದರು. ಆ ಕಾರ್ಖಾನೆ ಮೈಸೂರು ಸೀಮೆಯಲ್ಲೇ ಆಗಿದ್ದರೆ ಇವತ್ತು ಚಿಕ್ಕಬಳ್ಳಾಪುರದಲ್ಲಿ ಸ್ಪೇರ್ ಪಾರ್ಟ್ಸ್ ಸ್ವಲ್ಪ ಬೇಗ ಸಿಗುತ್ತಿತ್ತೇನೋ.)

ಹಂತ 1: ಸದ್ದನ್ನು ಒಪ್ಪಿಸುವುದು

ಸದ್ದು ಕೇಳಿದವರು ಮೆಕ್ಯಾನಿಕ್ಕಿಗೆ ಫೋನ್ ಮಾಡುತ್ತಾರೆ. ಹುಟ್ಟಿದಾರಭ್ಯ ಮಿಮಿಕ್ರಿ ಮಾಡದವರೂ ಆಗ ಕಲಾವಿದರಾಗುತ್ತಾರೆ.

"ಅಣ್ಣಾ, ಗಾಡೀಲಿ ಗಲಗಲ ಅಂತ ಸೌಂಡ್ ಬರ್ತಿದೆ."

ಪಕ್ಕದ ಸೀಟಿನಿಂದ ಹೆಂಡತಿ: "ಗಲಗಲ ಅಲ್ಲಾರೀ, ಕಟಕಟ ಅನ್ನಿ."

ಹಿಂದಿನ ಸೀಟಿನಿಂದ ಭಾವಮೈದ: "ಕರ್‌ರ್ ಅಂದ ಹಾಗಿತ್ತು ಭಾವ, ಮಧ್ಯೆ ಟಕ್ ಅಂತು."

"ಅಣ್ಣಾ, ಗಲಗಲ ಅಂತ ಶುರುವಾಗಿ ಕರ್‌ರ್ ಅಂದು ಟಕ್ ಅಂತದೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ: "ಈಗ ಬರ್ತಾ ಇದ್ಯಾ ಸಾರ್?"

"ಇಲ್ಲ, ಈಗ ನಿಂತೋಯ್ತು."

"ಬೆಳಿಗ್ಗೆ ಫಸ್ಟ್ ಸ್ಟಾರ್ಟಿಂಗಲ್ಲಿ ಮಾತ್ರ ಬರ್ತದಾ?"

"ಹೂಂ ಅಣ್ಣಾ."

"ಗಾಡಿ ತಂದು ಬುಟ್ಟೋಗಿ ಸಾರ್. ರಾತ್ರಿ ಇಲ್ಲೇ ನಿಂತಿರ್ಲಿ. ಬೆಳಿಗ್ಗೆ ನಾನೇ ಸ್ಟಾರ್ಟ್ ಮಾಡ್ತೀನಿ. ನೀವು ಮುಟ್ಬೇಡಿ."

ಈ ಇಡೀ ಕೈಪಿಡಿಯಲ್ಲಿ ಇದಕ್ಕಿಂತ ಬೆಲೆಬಾಳುವ ಸಲಹೆ ಮುಂದೆಲ್ಲೂ ಸಿಗುವುದಿಲ್ಲ. ಆದರೆ ಇದನ್ನು ಪಾಲಿಸುವವರೇ ಇಲ್ಲ. ಎಲ್ಲರೂ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಬರುತ್ತಾರೆ. ಕಳವಾರದಿಂದ ಊರು ಸೇರುವಷ್ಟರಲ್ಲೇ ಎಂಜಿನ್ ಬಿಸಿಯಾಗಿರುತ್ತದೆ, ಟೆನ್ಶನರಿನಲ್ಲಿ ಆಯಿಲ್ ತುಂಬಿರುತ್ತದೆ, ಚೈನು ಒಳ್ಳೆಯ ಮಕ್ಕಳಂತೆ ಕೂತಿರುತ್ತದೆ. ಮೆಕ್ಯಾನಿಕ್ಕು ನಾಲ್ಕು ಸಲ ಆರಿಸಿ ಹೊತ್ತಿಸಿದರೂ ಏನೂ ಇಲ್ಲ. ನೀವು ಮುಜುಗರ ಪಡುತ್ತೀರಿ, ಅವನು ಸೌಜನ್ಯಕ್ಕೆ ಏರ್ ಫಿಲ್ಟರ್ ಊದಿ ಕೊಡುತ್ತಾನೆ. ಮರುದಿನ ಬೆಳಿಗ್ಗೆ ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಗಲಗಲ ಮತ್ತೆ ಹಾಜರು. ಆಸ್ಪತ್ರೆಗೆ ಹೋದ ತಕ್ಷಣ ಜ್ವರ ಇಳಿಯುವ ಮಗುವಿಗೆ ವೈದ್ಯರು ಏನು ಮಾಡಬೇಕು? ಅಡ್ಮಿಟ್ ಮಾಡಿಕೊಳ್ಳಬೇಕು. ಕಾರನ್ನೂ ಒಂದು ರಾತ್ರಿ ಅಡ್ಮಿಟ್ ಮಾಡಿ, ನೀವು ಬಸ್ಸು ಹಿಡಿದು ಬನ್ನಿ. ಮರುದಿನ ಬೆಳಿಗ್ಗೆ ಏಳಕ್ಕೆ, ಟೀ ಕುಡಿಯುವ ಮೊದಲು, ಬಾನೆಟ್ ಎತ್ತಿಟ್ಟುಕೊಂಡು, ಒಬ್ಬ ಹುಡುಗ ಕೀ ತಿರುಗಿಸಬೇಕು, ಮೆಕ್ಯಾನಿಕ್ಕು ಎಂಜಿನ್ನಿಗೆ ಕಿವಿ ಕೊಟ್ಟು ನಿಂತಿರಬೇಕು. ಸಿಗುವುದು ಒಂದೇ ಅವಕಾಶ. ತಪ್ಪಿದರೆ ಮತ್ತೊಂದು ರಾತ್ರಿ ಕಾಯಬೇಕು.

ಕಿವಿಗೊಟ್ಟು ಕಾಯುವುದು ಚಿಕ್ಕಬಳ್ಳಾಪುರ ಜಿಲ್ಲೆಗೆ ಹೊಸತಲ್ಲ. ಗೌರಿಬಿದನೂರಿನ ಬಯಲಿನಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳು ಎಲ್ ಆಕಾರದಲ್ಲಿ ನೆಲದೊಳಗೆ ಕೂತಿವೆ. ಎಲ್ಲೋ ದೂರದ ದೇಶದಲ್ಲಿ ಭೂಮಿಯಡಿ ಅಣುಬಾಂಬ್ ಪರೀಕ್ಷೆ ನಡೆದರೆ ಅದರ ನಡುಕವನ್ನು ಹಿಡಿಯುವುದು ಅವುಗಳ ಕೆಲಸ. ಅದೇ ತಾಲ್ಲೂಕಿನಲ್ಲಿ 1976ರಿಂದ ಇರುವ ರೇಡಿಯೋ ದೂರದರ್ಶಕ ಸಾವಿರ ಆಂಟೆನಾಗಳನ್ನು ಟಿ ಆಕಾರದಲ್ಲಿ ಹರಡಿಕೊಂಡು ಆಕಾಶದ ಪಿಸುಮಾತು ಕೇಳುತ್ತಿತ್ತು. ಅಲ್ಲಿನ ವಿಜ್ಞಾನಿಗಳಿಗೂ ನಿಮ್ಮ ಮೆಕ್ಯಾನಿಕ್ಕಿಗೂ ತಲೆನೋವು ಒಂದೇ. ಬೇಕಾದ ಸದ್ದು ಸಣ್ಣದು, ಬೇಡದ ಗದ್ದಲ ದೊಡ್ಡದು. ಕಾರಿನ ಗದ್ದಲವನ್ನು ಕಡಿಮೆ ಮಾಡುವುದು ನಿಮ್ಮ ಕೈಯಲ್ಲೇ ಇದೆ: ಎಸಿ ಆರಿಸಿ, ಫ್ಯಾನ್ ಆರಿಸಿ, ಭಾವಮೈದನನ್ನು ಟೀ ತರಲು ಕಳುಹಿಸಿ.

ಹಂತ 2: ನಿರಪರಾಧಿಗಳ ಬಿಡುಗಡೆ

ಗಲಗಲ ಅಂದದ್ದೆಲ್ಲ ಚೈನಲ್ಲ. ಬಿಚ್ಚುವ ಮೊದಲು ಇತರ ಶಂಕಿತರನ್ನು ವಿಚಾರಿಸಿ ಬಿಡಬೇಕು, ಇಲ್ಲದಿದ್ದರೆ ಸಾವಿರಾರು ರೂಪಾಯಿ ಸುರಿದ ಮೇಲೂ ಸದ್ದು ಹಾಗೇ ಉಳಿಯುತ್ತದೆ. ಅನೇಕರಿಗೆ ಇದು ಆಗಿದೆ, ಯಾರೂ ಹೇಳಿಕೊಳ್ಳುವುದಿಲ್ಲ.

ಝಿಂಗ್ ಎಂದು ತಗಡು ಅದುರುವ ಸದ್ದು ಒಂದು ನಿರ್ದಿಷ್ಟ ಆರ್‌ಪಿಎಮ್ಮಿನಲ್ಲಿ ಮಾತ್ರ ಬಂದರೆ ಸೈಲೆನ್ಸರ್ ಪೈಪಿನ ಶಾಖ ತಡೆಯುವ ತಗಡಿನ ಬೋಲ್ಟು ಹೋಗಿದೆ. ಹತ್ತು ರೂಪಾಯಿಯ ಕ್ಲಿಪ್ಪಿನಲ್ಲಿ ಮುಗಿಯುವ ಕೆಲಸ. ಕಳವಾರದ ಮಣ್ಣುರಸ್ತೆಯ ಗುಂಡಿಯಲ್ಲಿ ತಳ ಉಜ್ಜಿಸಿಕೊಂಡು ಬಂದವರಿಗೆ ಬಹುಪಾಲು ಇದೇ. ನಂದಿ ಬೆಟ್ಟದ ತಿರುವಿನಲ್ಲಿ ಟಾಪ್ ಗೇರಿನಲ್ಲೇ ಎಳೆಸುವಾಗ ಕಿಲಕಿಲ ಅಂದರೆ ಅದು ಎಂಜಿನ್ ನಾಕಿಂಗ್. ಗೇರು ಇಳಿಸಿ, ಸುಮ್ಮನಾಗುತ್ತದೆ. ತಣ್ಣಗಿದ್ದಾಗ ಟಿಕ್ ಟಿಕ್ ಎಂದು ಗಡಿಯಾರದ ಲಯದಲ್ಲಿ ಶುರುವಾಗಿ ಬಿಸಿಯಾದ ಮೇಲೂ ಮುಂದುವರಿದರೆ ಟ್ಯಾಪೆಟ್ಟು. ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಐಡ್ಲರ್ ಪುಲ್ಲಿ, ವಾಟರ್ ಪಂಪಿನ ಬೇರಿಂಗುಗಳೂ ಗರಗರ ಎನ್ನಬಲ್ಲವು. ಇವನ್ನು ಒಂದೇ ಏಟಿಗೆ ಬಿಡಿಸಲು ಮೆಕ್ಯಾನಿಕ್ಕು ಹೊರಗಿನ ಫ್ಯಾನ್ ಬೆಲ್ಟನ್ನು ಕಳಚಿ, ಕೆಲವೇ ಸೆಕೆಂಡು ಎಂಜಿನ್ ಓಡಿಸಿ ನೋಡುತ್ತಾನೆ. ಸದ್ದು ಹೋದರೆ ಅಪರಾಧಿ ಆ ಬೆಲ್ಟಿಗೆ ಸೇರಿದವರಲ್ಲೊಬ್ಬ, ಹಾಗೇ ಉಳಿದರೆ ಒಳಗಿನವನು. ವಿವಿಟಿ, ಅಂದರೆ ವಾಲ್ವು ತೆರೆಯುವ ಹೊತ್ತನ್ನು ಹಿಂದೆಮುಂದೆ ಮಾಡುವ ವ್ಯವಸ್ಥೆ, ಇರುವ ಪೆಟ್ರೋಲ್ ಎಂಜಿನ್ನುಗಳಲ್ಲಿ ಕ್ಯಾಮಿನ ತುದಿಯಲ್ಲಿರುವ ವಿವಿಟಿ ಚಕ್ರದ ಲಾಕ್ ಪಿನ್ ಸವೆದರೂ ಬೆಳಗಿನ ಜಾವ ಇದೇ ತರಹದ ಸದ್ದು ಬರುತ್ತದೆ. ಇದನ್ನು ಪ್ರತ್ಯೇಕಿಸುವುದು ಅನುಭವಿಗಳ ಕೆಲಸ.

ಆಮೇಲೆ ಸ್ಕ್ರೂಡ್ರೈವರ್. ಉದ್ದನೆಯದೊಂದನ್ನು ತೆಗೆದುಕೊಂಡು ಅದರ ಮೊನೆಯನ್ನು ಚೈನ್ ಕವರಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ಹಿಡಿದರೆ ಒಳಗಿನ ಸದ್ದು ತಲೆಬುರುಡೆಗೆ ನೇರವಾಗಿ ಬರುತ್ತದೆ. ಗೇರ್ ಬಾಕ್ಸಿನ ವಿರುದ್ಧ ತುದಿಯಲ್ಲಿ, ಬೆಲ್ಟುಗಳ ಹಿಂದೆ ಚೈನ್ ಕವರ್ ಇರುತ್ತದೆ. ಮೇಲಿನಿಂದ ಕೆಳಕ್ಕೆ ಮೂರ್ನಾಲ್ಕು ಕಡೆ ಇಟ್ಟು ನೋಡಿದರೆ ಎಲ್ಲಿ ಜೋರು ಎಂದು ತಿಳಿಯುತ್ತದೆ. ಓಡುವ ಬೆಲ್ಟಿನ ಹತ್ತಿರ ಮುಖ ಒಡ್ಡುವಾಗ ಮಫ್ಲರ್, ದುಪಟ್ಟಾ, ಮಂಕಿ ಕ್ಯಾಪಿನ ದಾರ, ಜನಿವಾರ, ಎಲ್ಲವೂ ಒಳಗಿರಲಿ.

ಸ್ಕ್ಯಾನರ್ ಇರುವವರು ಪಿ 0016 ಎಂಬ ಕೋಡ್ ಹುಡುಕಿ. ಕ್ರ್ಯಾಂಕಿಗೂ ಕ್ಯಾಮಿಗೂ ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಕಂಪ್ಯೂಟರು ಹೇಳುವ ರೀತಿ ಅದು. ಈ ಕೋಡೂ ಬೆಳಗಿನ ಗಲಗಲವೂ ಒಟ್ಟಿಗೆ ಬಂದರೆ ಕಾರನ್ನು ಓಡಿಸಬೇಡಿ, ಟೋಯಿಂಗ್ ಗಾಡಿ ಕರೆಸಿ. ಕೋಡ್ ಬಂದಿಲ್ಲ ಎಂದ ಮಾತ್ರಕ್ಕೆ ಚೈನು ನಿರಪರಾಧಿ ಆಗುವುದಿಲ್ಲ. ಸವೆತ ಬಹಳ ಮುಂದುವರಿದ ಮೇಲಷ್ಟೇ ಕಂಪ್ಯೂಟರಿಗೆ ಗೊತ್ತಾಗುವುದು.

ಹಂತ 3: ಡಿಪ್‌ಸ್ಟಿಕ್ಕು

ಬಿಚ್ಚಿ ಹಾಕುವ ಮಾತಿಗೆ ಮೊದಲು ಆಯಿಲ್ ನೋಡಿ. ಸಮತಟ್ಟಾದ ಜಾಗದಲ್ಲಿ ನೋಡಿ. ಬೆಟ್ಟದ ಬುಡದ ಇಳಿಜಾರಿನಲ್ಲಿ ಮೂಗು ಮೇಲೆ ಮಾಡಿ ನಿಲ್ಲಿಸಿದ ಕಾರಿನ ಡಿಪ್‌ಸ್ಟಿಕ್ಕು ರಾಜಕಾರಣಿಯಷ್ಟೇ ನಿಜ ಹೇಳುತ್ತದೆ. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಪಂಪಿಗೆ ಗಾಳಿ ಸಿಗುತ್ತದೆ, ಟೆನ್ಶನರಿಗೆ ಒತ್ತಡ ಸಾಲದೆ ಹೋಗುತ್ತದೆ.

ಆಯಿಲಿನ ಗ್ರೇಡ್ ಕೂಡ ಮುಖ್ಯ. ಕ್ಯಾನಿನ ಮೇಲೆ 5ಡಬ್ಲ್ಯು-30 ಎಂದೋ 20ಡಬ್ಲ್ಯು-40 ಎಂದೋ ಬರೆದಿರುತ್ತದೆ. ಡಬ್ಲ್ಯುಗಿಂತ ಮೊದಲು ಬರುವ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಬೇಗ ಹರಿಯುತ್ತದೆ. ತೆಳು ಆಯಿಲಿಗೆ ಕಟ್ಟಿದ ಎಂಜಿನ್ನಿಗೆ ಗಟ್ಟಿ ಆಯಿಲ್ ಸುರಿದು "ಎಂಜಿನ್ ಸ್ಮೂತ್ ಆಯ್ತು" ಎಂದು ಹೇಳುವ ಅಂಗಡಿಗಳು ಎಲ್ಲ ಊರಿನಲ್ಲೂ ಇವೆ. ಡಿಸೆಂಬರಿನ ಚಿಕ್ಕಬಳ್ಳಾಪುರದ ಬೆಳಿಗ್ಗೆ ಆ ಗಟ್ಟಿ ಆಯಿಲ್ ಮೇಲೆ ಏರುವುದರೊಳಗೆ ಚೈನು ತನ್ನ ಕಛೇರಿ ಮುಗಿಸಿರುತ್ತದೆ.

ಇನ್ನು ಫಿಲ್ಟರ್. ಅನೇಕ ಆಯಿಲ್ ಫಿಲ್ಟರುಗಳ ಒಳಗೆ ಒಂದು ರಬ್ಬರ್ ನಾಲಿಗೆ ಇರುತ್ತದೆ. ಎಂಜಿನ್ ಆರಿದ ಮೇಲೆ ಫಿಲ್ಟರಿನ ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವುದು ಆ ನಾಲಿಗೆಯ ಕೆಲಸ. ಡೂಪ್ಲಿಕೇಟ್ ಫಿಲ್ಟರಿನಲ್ಲಿ ಅದು ಗಡುಸಾಗಿ ಸುಮ್ಮನೆ ಜೋತುಬಿದ್ದಿರುತ್ತದೆ. ರಾತ್ರಿಯಲ್ಲಿ ಫಿಲ್ಟರ್ ಖಾಲಿ, ಬೆಳಿಗ್ಗೆ ಗಲಗಲ. ಅದಕ್ಕೇ ಒಳ್ಳೆಯ ಮೆಕ್ಯಾನಿಕ್ಕು ಮೊದಲು ಕಂಪನಿ ಹೇಳಿದ ಗ್ರೇಡಿನ ಆಯಿಲ್, ಒರಿಜಿನಲ್ ಫಿಲ್ಟರ್ ಹಾಕಿ, ವಾರ ಬಿಟ್ಟು ಬನ್ನಿ ಎನ್ನುತ್ತಾನೆ. ಕೆಲವು ಕಾರುಗಳು ಇಷ್ಟಕ್ಕೇ ಸುಮ್ಮನಾಗುತ್ತವೆ. ಮೊದಲ ದಿನವೇ ಚೈನ್ ಕಿಟ್ ಬರೆದುಕೊಡುವವನಿಗಿಂತ ಇವನು ನಿಮ್ಮ ಹಿತೈಷಿ.

ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಾಯಿಸುತ್ತಿದ್ದೇನಲ್ಲ ಎಂದು ನೀವು ಕೇಳಬಹುದು. ಮೀಟರು ಕಿಲೋಮೀಟರನ್ನು ಎಣಿಸುತ್ತದೆ, ಗಂಟೆಯನ್ನಲ್ಲ. ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ಎಸಿ ಹಾಕಿಕೊಂಡು ನಿದ್ದೆ ಹೊಡೆದ ಎರಡು ಗಂಟೆ, ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತ ಮುಕ್ಕಾಲು ಗಂಟೆ, ಯಾವುದೂ ಓಡೋಮೀಟರಿನಲ್ಲಿ ಇಲ್ಲ. ಎಂಜಿನ್ನಿನ ಆಯಿಲಿಗೆ ಮಾತ್ರ ಅದರ ನೆನಪಿದೆ. ಬಾಡಿಗೆ ಗಾಡಿಗಳ ಚೈನು ಬೇಗ ಹಾಡತೊಡಗುವುದು ಇದಕ್ಕೇ.

ಹಂತ 4: ಬಿಚ್ಚುವುದು, ಅಂದರೆ ಬಿಚ್ಚುವುದನ್ನು ನೋಡುತ್ತ ನಿಲ್ಲುವುದು

ಯೂಟ್ಯೂಬ್ ನೋಡಿ ನೀವೇ ಮಾಡುವ ಉತ್ಸಾಹ ಇದ್ದರೆ ಅದನ್ನು ವೈಪರ್ ಬದಲಾಯಿಸಲು ಬಳಸಿ. ಈ ಕೆಲಸ ಬಲ್ಲವರದು. ನೀವು ಮಾಡಬೇಕಾದದ್ದು ಸ್ಟೂಲಿನ ಮೇಲೆ ಕೂತು, ಟೀ ಹೀರುತ್ತ, ಏನೇನು ಹೊಸದು ಹಾಕಿದರು ಎಂದು ಗಮನಿಸುವುದು.

ಚೈನ್ ಒಂದನ್ನೇ ಬದಲಾಯಿಸುವುದಾದರೆ ಬೇಡವೇ ಬೇಡ. ಚೈನು, ಹಲ್ಲುಚಕ್ರಗಳು, ಗೈಡುಗಳು, ಟೆನ್ಶನರ್, ಎಲ್ಲವೂ ಸೇರಿದ ಕಿಟ್ ತರಿಸಿ. ಸವೆದ ಹಲ್ಲಿನ ಮೇಲೆ ಹೊಸ ಚೈನು ಕೂರಿಸಿದರೆ ಅದೂ ಬೇಗ ಹಾಳಾಗುತ್ತದೆ. ಕ್ರ್ಯಾಂಕಿನ ಆಯಿಲ್ ಸೀಲನ್ನೂ ಈಗಲೇ ಬದಲಾಯಿಸಿಬಿಡಿ. ಚೂರು ದುಡ್ಡಿಗೆ ಬಂದೀತು, ಮುಂದೆ ಅದೊಂದಕ್ಕಾಗಿಯೇ ಬಿಚ್ಚಬೇಕಾದರೆ ಕೂಲಿಯೇ ಕೈ ಸುಡುತ್ತದೆ.

ಬ್ಯಾಟರಿ ಕಳಚಿ, ಆಯಿಲ್ ಇಳಿಸುತ್ತಾರೆ. ಎಂಜಿನ್ನಿನ ಒಂದು ಕಡೆಯ ಮೌಂಟಿಂಗ್ ತೆಗೆಯಬೇಕಾಗುವುದರಿಂದ ಸಂಪಿನ ಕೆಳಗೆ ಮರದ ತುಂಡಿಟ್ಟು ಜಾಕ್ ಕೊಡುತ್ತಾರೆ. ಮರದ ತುಂಡಿಲ್ಲದೆ ಜಾಕನ್ನು ನೇರವಾಗಿ ಸಂಪಿಗೆ ಕೊಡುವವನನ್ನು ಕಂಡರೆ ಟೀ ಲೋಟ ಕೆಳಗಿಟ್ಟು ಎದ್ದು ನಿಲ್ಲಿ. ಬೆಲ್ಟು, ಕ್ರ್ಯಾಂಕ್ ಪುಲ್ಲಿ, ವಾಲ್ವ್ ಕವರ್, ಕೊನೆಗೆ ಚೈನ್ ಕವರ್. ಕವರ್ ಸಿಲಿಕೋನ್ ಗಮ್ಮಿನಿಂದ ಅಂಟಿರುತ್ತದೆ, ಸುತ್ತ ಮೆಲ್ಲಗೆ ತಟ್ಟಿ ಬಿಡಿಸುತ್ತಾರೆ. ಅದು ಕೈಗೆ ಬಂದಾಗ ಒಳಗಿನ ದೃಶ್ಯ ಸ್ವಾರಸ್ಯವಾಗಿರುತ್ತದೆ. ಗೈಡಿನ ಪ್ಲಾಸ್ಟಿಕ್ಕಿನ ಮೇಲೆ ಚೈನು ಕೊರೆದ ಎರಡು ಉದ್ದ ಕಾಲುವೆಗಳು. ಕೆಳಗೆ ಸಂಪಿನಲ್ಲಿ ಅದರ ಕಂದು ಚೂರುಗಳು. ಟೆನ್ಶನರಿನ ಕಡ್ಡಿ ತನ್ನ ಕೊನೆಯ ಹಲ್ಲಿನವರೆಗೂ ಚಾಚಿ, ಇನ್ನು ನನ್ನ ಕೈಲಾಗದು ಎಂದು ನಿಂತಿರುತ್ತದೆ. ಬೆರಳಿನಿಂದ ಚೈನನ್ನು ಒತ್ತಿದರೆ ತೊಟ್ಟಿಲಿನ ಹಾಗೆ ಜೀಕುತ್ತದೆ. ಮೆಕ್ಯಾನಿಕ್ಕು ಮಾತಾಡುವುದಿಲ್ಲ, ನಿಮ್ಮ ಕಡೆ ನೋಡುತ್ತಾನೆ. ಈ ಕ್ಷಣದ ಫೋಟೋ ತೆಗೆದುಕೊಳ್ಳಿ, ಸೂರ್ಯೋದಯದ್ದು ಸಾಕಷ್ಟಿವೆ.

ಈಗ ಟೈಮಿಂಗ್ ಕೂರಿಸುವುದು. ಒಂದನೇ ಸಿಲಿಂಡರಿನ ಪಿಸ್ಟನ್ ನೆತ್ತಿಗೆ ಬರಬೇಕು, ಕ್ರ್ಯಾಂಕಿನ ಗುರುತೂ ಕ್ಯಾಮಿನ ಗುರುತೂ ತಮ್ಮ ತಮ್ಮ ಜಾಗದಲ್ಲಿ ನಿಲ್ಲಬೇಕು. 1248 ಸಿಸಿ ಡೀಸೆಲ್ಲಿನಲ್ಲಿ ಕ್ರ್ಯಾಂಕನ್ನೂ ಕ್ಯಾಮನ್ನೂ ಕದಲದಂತೆ ಹಿಡಿಯಲು ಲಾಕಿಂಗ್ ಪಿನ್ನುಗಳು ಬೇಕು. ನಿಮ್ಮ ಮೆಕ್ಯಾನಿಕ್ಕಿನ ಹತ್ತಿರ ಆ ಪಿನ್ ಸೆಟ್ ಇದೆಯೋ ಕೇಳಿ. ಕಣ್ಣಂದಾಜಿನಲ್ಲಿ ಕೂರಿಸುತ್ತೇನೆ ಅಂದರೆ ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಬೇರೆ ಗ್ಯಾರೇಜ್ ವಿಚಾರಿಸಿ. ಹೊಸ ಚೈನಿನಲ್ಲಿ ಬೇರೆ ಬಣ್ಣದ ಕೊಂಡಿಗಳಿದ್ದರೆ ಅವು ಹಲ್ಲುಚಕ್ರದ ಗುರುತಿನ ಮೇಲೆ ಸರಿಯಾಗಿ ಕೂರಬೇಕು. ಹೊಸ ಟೆನ್ಶನರಿನ ಕಡ್ಡಿಯನ್ನು ಒತ್ತಿ ಒಂದು ಪಿನ್ ಚುಚ್ಚಿ ಹಿಡಿದಿಟ್ಟಿರುತ್ತಾರೆ. ಬೋಲ್ಟು ಬಿಗಿದ ಮೇಲೆ ಆ ಪಿನ್ ಕೀಳಬೇಕು, ಆಗ ಕಡ್ಡಿ ಟಕ್ಕೆಂದು ಚೈನಿಗೆ ತಗಲುತ್ತದೆ. ಪಿನ್ ಒಳಗೇ ಉಳಿದುಹೋದ ಕಥೆಗಳನ್ನು ಗ್ಯಾರೇಜಿನ ಹಿರಿಯರು ರಾತ್ರಿ ಹೊತ್ತು ಹೇಳುವುದಿಲ್ಲ.

ಮುಗಿಯಿತು ಎಂದುಕೊಳ್ಳಬೇಡಿ. ಕವರ್ ಮುಚ್ಚುವ ಮೊದಲು ಕ್ರ್ಯಾಂಕನ್ನು ಸ್ಪ್ಯಾನರಿನಿಂದ, ಎಂಜಿನ್ ಓಡುವ ದಿಕ್ಕಿನಲ್ಲೇ, ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಎಲ್ಲೂ ಅಡ್ಡ ಸಿಗಬಾರದು, ಚಕ್ರಗಳ ಗುರುತುಗಳು ಮತ್ತೆ ಅದೇ ಜಾಗಕ್ಕೆ ಬರಬೇಕು. ಆಗ ಬಣ್ಣದ ಕೊಂಡಿಗಳು ಎಲ್ಲೋ ಸರಿದು ಹೋಗಿರುತ್ತವೆ. ಇದನ್ನು ಕಂಡು ನೀವು ಗಾಬರಿಯಾಗಿ ಕೂಗಿದರೆ ಇಡೀ ಗ್ಯಾರೇಜ್ ನಗುತ್ತದೆ. ಚೈನಿನ ಕೊಂಡಿಗಳು ಚಕ್ರದ ಹಲ್ಲಿಗೆ ಪೂರ್ತಿ ಭಾಗವಾಗುವುದಿಲ್ಲ, ಬಣ್ಣದವು ಮತ್ತೆ ಗುರುತಿಗೆ ಬರಲು ಹಲವು ಸುತ್ತುಗಳು ಬೇಕು. ಹೀಗಿರುವುದೇ ಸರಿ.

ಕೆಲಸದ ನಡುವೆ ಮೆಕ್ಯಾನಿಕ್ಕು ಹುಡುಗನ ಜೊತೆ ಕನ್ನಡ ಬಿಟ್ಟು ತೆಲುಗಿಗೆ ತಿರುಗಿದರೆ ಬೆಚ್ಚಿಬೀಳಬೇಡಿ. ಈ ಸೀಮೆಯಲ್ಲಿ ಮನೆಮಾತು ತೆಲುಗಾದವರು ಬಹಳ, ಎರಡೂ ಭಾಷೆ ಎರಡು ಕೈಯಂತೆ ನಡೆಯುತ್ತವೆ. ಆದರೂ ತೆಲುಗಿನಲ್ಲಿ ಬೋಲ್ಟು, ಮುರಿದಿದೆ, ಲೇತು ಎಂಬ ಅರ್ಥದ ಮೂರು ಪದ ಕಲಿತಿಟ್ಟುಕೊಂಡರೆ ನಷ್ಟವಿಲ್ಲ.

ಹಂತ 5

ಹಂತ 4 ಸರಿಯಾಗಿ ನಡೆದಿದ್ದರೆ ಈ ಹಂತ ಬೇಕಿಲ್ಲ. ನಡೆದಿಲ್ಲದಿದ್ದರೆ ಹಂತ 4ಕ್ಕೆ ಹೋಗಿ.

ಮಾಡಬಾರದ್ದು

ಸದ್ದು ಇರುವ ಕಾರನ್ನು ಬೆಟ್ಟದ ಬುಡದ ಇಳಿಜಾರಿನಲ್ಲಿ ಗೇರಿನ ಮೇಲೆ ನಿಲ್ಲಿಸಿ ಹೋಗಬೇಡಿ. ಕಾರು ಹಿಂದಕ್ಕೆ ಜಾರಲು ನೋಡಿದರೆ ಎಂಜಿನ್ನೂ ಉಲ್ಟಾ ತಿರುಗಲು ನೋಡುತ್ತದೆ. ಆಗ ಬಿಗಿಯಾಗಿರಬೇಕಾದ ಕಡೆ ಚೈನು ಸಡಿಲವಾಗುತ್ತದೆ, ಸಡಿಲವಾಗಿರಬೇಕಾದ ಕಡೆಯ ಭಾರವೆಲ್ಲ ಟೆನ್ಶನರಿನ ಮೇಲೆ ಬೀಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ಗಾಲಿಗೆ ಕಲ್ಲು ಕೊಡಿ. ಕಳವಾರದಲ್ಲಿ ಕಲ್ಲಿಗೆ ಬರವಿಲ್ಲ.

ಬ್ಯಾಟರಿ ಡೌನಾದರೆ ಅದೇ ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಲು ಹತ್ತು ಜನ ಉತ್ಸಾಹಿಗಳು ಓಡಿ ಬರುತ್ತಾರೆ. ಕೈಮುಗಿದು ಬೇಡ ಅನ್ನಿ. ಕ್ಲಚ್ ಬಿಟ್ಟಾಗ ಬೀಳುವ ಹೊಡೆತಕ್ಕೆ ಸವೆದ ಚೈನು ಹಲ್ಲು ಹಾರಬಹುದು. ಜಂಪರ್ ಕೇಬಲ್ ಹುಡುಕಿ.

ತಣ್ಣನೆಯ ಎಂಜಿನ್ ಸ್ಟಾರ್ಟ್ ಆದ ತಕ್ಷಣ ಆಕ್ಸಿಲರೇಟರ್ ಒತ್ತಿ ರೇಸ್ ಮಾಡಬೇಡಿ. ಕೆಲವರಿಗೆ ಇದು ಕಾರಿನ ಗಂಟಲು ಸರಿಮಾಡುವ ಕ್ರಮ. ಚೈನು ಹಿಡಿತವಿಲ್ಲದೆ ಒದ್ದಾಡುತ್ತಿರುವ ಅದೇ ಎರಡು ಸೆಕೆಂಡಿನಲ್ಲಿ ಅದನ್ನು ಇನ್ನಷ್ಟು ಜೋರಾಗಿ ಬಡಿಸಿದಂತಾಗುತ್ತದೆ.

ಖಾತರಿ

ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಹಳೆಯ ಚೈನನ್ನೂ ಹೊಸದರ ಖಾಲಿ ಪೆಟ್ಟಿಗೆಯನ್ನೂ ಒಟ್ಟಿಗೆ ತೋರಿಸಲು ಹಿಂಜರಿಯುವ ಗ್ಯಾರೇಜು ಒಂದನ್ನೂ ಬದಲಾಯಿಸಿಲ್ಲ ಎಂದೇ ತಿಳಿಯಿರಿ. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಬರೆಸಿ. ಮೊದಲ ಕೆಲವು ದಿನ ಬೆಳಿಗ್ಗೆ ಕಾರು ತೆಗೆದ ಮೇಲೆ ನೆಲ ನೋಡಿ, ಚೈನ್ ಕವರಿನ ಕೆಳಗೆ ಆಯಿಲ್ ಹನಿ ಬಿದ್ದಿದ್ದರೆ ಸಿಲಿಕೋನ್ ಗಮ್ಮು ಸರಿಯಾಗಿ ಹಚ್ಚಿಲ್ಲ, ಅವತ್ತೇ ವಾಪಸ್ ಒಯ್ಯಿರಿ. ಹೊಸ ಚೈನ್ ಹಾಕಿದ ಮೇಲೆ ಮೊದಲ ಸ್ಟಾರ್ಟಿಂಗಿನಲ್ಲಿ ಆಯಿಲ್ ಏರುವವರೆಗೆ ಸಣ್ಣದೊಂದು ಗುರ್ ಬರಬಹುದು. ಅದು ದೋಷವಲ್ಲ. ಎರಡನೆಯ ದಿನವೂ ಬಂದರೆ ದೋಷ.

ಬಾಯಿಮಾತಿನ ಖಾತರಿ ಗ್ಯಾರೇಜಿನ ಗೇಟಿನವರೆಗೆ ಚಾಲ್ತಿಯಲ್ಲಿರುತ್ತದೆ. ಕಾರು ಮರಳಿ ತರಬೇಕಾಗಿ ಬಂದರೆ ಹಿಂದಿನ ರಾತ್ರಿಯೇ ತಂದು ನಿಲ್ಲಿಸಿ, ಕೀ ಕೊಟ್ಟು ಹೋಗಿ.